‘ಸುಳ್ಳು ಸುದ್ದಿ’ಯೋ, ‘ತಪ್ಪು ಸುದ್ದಿ’ಯೋ?

ಎಲ್ಲರಿಗೂ ನಮಸ್ಕಾರ.

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡ ಬಳಗದ ಪತ್ರಿಕೆಗೆ ಸುಳ್ಳು ಸುದ್ದಿ ತಡೆಯುವ ಕಾನೂನಿನ ಬಗ್ಗೆ ಬರೆಯುತ್ತಿದ್ದೇನೆ. ಫೇಕ್, ಫಾಲ್ಸ್, ಮಿಸ್‌ಲೀಡಿಂಗ್ ಎನ್ನುವ ಮೂರು ಪದಗಳಿಗೆ ಕನ್ನಡ ಹುಡುಕುತ್ತಾ ನಿಂತಿದ್ದೇನೆ.

2023ರ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮಗಳ ತಿದ್ದುಪಡಿಯಲ್ಲಿ ಈ ಮೂರೂ ಇದ್ದವು. ಕೇಂದ್ರ ಸರ್ಕಾರದ ಕೆಲಸದ ಬಗ್ಗೆ ಆನ್‌ಲೈನ್‌ನಲ್ಲಿ ಬಂದದ್ದು ಇಂಥದ್ದೋ ಅಲ್ಲವೋ ಅಂತ ಸರ್ಕಾರದ್ದೇ ಘಟಕ ತೀರ್ಮಾನಿಸಬೇಕಿತ್ತು. ಇಲ್ಲಿನ ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ರದ್ದು ಮಾಡಿತು. ಈ ಪದಗಳ ಅರ್ಥವನ್ನು ನಿಯಮ ಎಲ್ಲೂ ಬಿಡಿಸಿ ಹೇಳಿಲ್ಲ ಎನ್ನುವುದೂ ಒಂದು ಕಾರಣ. ಮೂರಕ್ಕೂ ‘ಸುಳ್ಳು’ ಅಂತಲೇ ಬರೆದುಬಿಟ್ಟರೆ ತೀರ್ಪು ಕನ್ನಡದಲ್ಲಿ ಅರ್ಥವೇ ಆಗುವುದಿಲ್ಲ, ಅಲ್ವಾ?

‘ಸುಳ್ಳು ಹೇಳಿದ’ ಅಂದರೆ ಗೊತ್ತಿದ್ದೂ ಹೇಳಿದ ಅಂತಲೇ ನಮ್ಮ ಕಿವಿಗೆ ಕೇಳುತ್ತದೆ. ‘ತಪ್ಪು ಹೇಳಿದ’ ಅಂದರೆ ಹಾಗಲ್ಲ. ಹೋದ ತಿಂಗಳು ಬಿಲ್ಡಿಂಗಿನ ಗ್ರೂಪಿನಲ್ಲಿ ಒಬ್ಬರು ‘ನಾಳೆ ನೀರು ಬರುವುದಿಲ್ಲ’ ಎಂದು ಹಾಕಿದರು. ಪಕ್ಕದ ಮನೆಯ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ಹಂಡೆ, ಬಕೆಟ್ಟು, ಕೊನೆಗೆ ಕುಕ್ಕರಿನಲ್ಲೂ ನೀರು ತುಂಬಿಟ್ಟರು. ಬೆಳಿಗ್ಗೆ ನೀರು ಬಂತು. ಪಾಪ, ಹಾಕಿದವರು ನೋಟಿಸಿನ ತಾರೀಖು ತಪ್ಪಾಗಿ ಓದಿದ್ದರು. ಅವರನ್ನು ಸುಳ್ಳುಗಾರ ಅನ್ನಲು ನನಗೆ ಮನಸ್ಸು ಬಾರದು. ಅವಸರದಲ್ಲಿ ತಪ್ಪು ಬರೆದ ವರದಿಗಾರನಿಗೂ ಇದೇ ನ್ಯಾಯ ಸಿಗಬೇಕು. ಭಾರತೀಯ ನ್ಯಾಯ ಸಂಹಿತೆಯ 353ನೇ ಸೆಕ್ಷನ್ ಕೂಡ ಹಾಗೇ ನೋಡುತ್ತದೆ. ಜನರಲ್ಲಿ ಭಯ ಹುಟ್ಟಿಸುವಂಥ ಸುಳ್ಳು ಮಾಹಿತಿ, ವದಂತಿ ಹಬ್ಬಿಸಿದರೆ 3 ವರ್ಷದವರೆಗೆ ಜೈಲು. ಆದರೆ ನಿಜವೆಂದು ನಂಬಲು ತಕ್ಕ ಕಾರಣವಿದ್ದು, ಕೆಟ್ಟ ಉದ್ದೇಶವಿಲ್ಲದೆ ಹೇಳಿದವರನ್ನು ಅದು ಬಿಟ್ಟುಬಿಡುತ್ತದೆ.

ಕಾಕು ಮಾತ್ರ ನೀರಿನ ಆ ಸುದ್ದಿಯನ್ನು ಮರಾಠಿಯಲ್ಲಿ ‘ಅಫವಾ’, ಅಂದರೆ ವದಂತಿ, ಅಂದರು. ಅರಬ್ಬಿಯಲ್ಲಿ ಈ ಪದದ ಮೂಲ ಅರ್ಥ ‘ಬಾಯಿಗಳು’. ನಮ್ಮ ‘ವದಂತಿ’ಯ ಮೂಲದಲ್ಲೂ ‘ಹೇಳುತ್ತಾರೆ’ ಎಂದಷ್ಟೇ ಇದೆ. ಯಾರು ಹೇಳಿದರು ಅನ್ನುವುದು ಎರಡರಲ್ಲೂ ಇಲ್ಲ. ಗಾಳಿಸುದ್ದಿಯೂ ಅಷ್ಟೇ. ಹಾಗಂತ ಅದು ಸಣ್ಣ ವಿಷಯವಲ್ಲ. 2018ರಲ್ಲಿ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ, ಮಕ್ಕಳ ಕಳ್ಳರು ಎಂಬ ಗಾಳಿಸುದ್ದಿ ನಂಬಿ 5 ಜನ ಅಲೆಮಾರಿಗಳನ್ನು ಗುಂಪು ಹೊಡೆದು ಕೊಂದಿತು. ಅದನ್ನು ನೆನೆದರೆ ಕಾನೂನೇ ಬೇಡ ಅನ್ನಲು ನನ್ನಿಂದ ಆಗುವುದಿಲ್ಲ.

ಫೇಕ್‌ಗೆ ‘ನಕಲಿ’ ಸಾಕು ಅನಿಸುತ್ತದೆ. ಪತ್ರಿಕೆಯ ಹೆಸರು, ಲೋಗೋ ಕದ್ದು ತಯಾರಿಸಿದ ಸುದ್ದಿಗೆ ಅದು ಸರಿಯಾಗಿ ಹೊಂದುತ್ತದೆ.

ತೊಡಕಿರುವುದು ಮಿಸ್‌ಲೀಡಿಂಗ್‌ನಲ್ಲಿ. ಮುಂಬೈ ಮುಳುಗಿದ 2005ರ ಜುಲೈ 26ರ ಫೋಟೋವನ್ನು ಯಾರೋ ‘ಇವತ್ತಿನ ಮಳೆ’ ಅಂತ ಕಳಿಸುತ್ತಾರೆ. ಫೋಟೋ ನಕಲಿಯಲ್ಲ, ಅದರಲ್ಲಿರುವ ನೀರೂ ಸುಳ್ಳಲ್ಲ, ದಿನ ಮಾತ್ರ ಬೇರೆ. ‘ದಾರಿ ತಪ್ಪಿಸುವ’ ಅಂದರೆ ಬೇಕೆಂದೇ ಮಾಡಿದಂತಾಗುತ್ತದೆ. ‘ತಪ್ಪು ತಿಳಿವಳಿಕೆ ಕೊಡುವ’ ಅನ್ನುವುದು ಜಾಸ್ತಿ ಉದ್ದ. ಕಳಿಸಿದವರ ಮೇಲೆ ತಪ್ಪು ಹೊರಿಸದೆ, ಸುದ್ದಿಯ ಗುಣವನ್ನಷ್ಟೇ ಹೇಳುವ ಒಂದು ಪದ ನಿಮ್ಮ ಊರ ಕಡೆ ಬಳಕೆಯಲ್ಲಿದೆಯೇ? ಇದ್ದರೆ, ಅದು ಬರುವ ಒಂದು ವಾಕ್ಯವನ್ನೂ ದಯವಿಟ್ಟು ಬರೆಯಿರಿ.