12 ವೋಲ್ಟ್ ಕೊಟ್ರೂ ಕೆಪಾಸಿಟರ್ 5.8ಕ್ಕೇ ನಿಲ್ತಿದೆ, ಯಾಕೆ?

ಜಯನಗರ_ವೈರ್: ತಲೆ ಕೆಟ್ಟುಹೋಗಿದೆ. ಆಂಪ್ (ಆಂಪ್ಲಿಫೈಯರ್) ಆನ್ ಮಾಡಿದಾಗ ಸ್ಪೀಕರ್‌ನಲ್ಲಿ ಬರೋ 'ಧಬ್' ತಪ್ಪಿಸೋಕೆ ಡಿಲೇ ಸರ್ಕ್ಯೂಟ್ ಮಾಡ್ತಿದ್ದೀನಿ. 12 ವೋಲ್ಟ್ ಅಡಾಪ್ಟರ್, ಒಂದು ರೆಸಿಸ್ಟರ್, 100 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್, ಆಮೇಲೆ ಸ್ವಿಚ್ ಥರ ಕೆಲಸ ಮಾಡೋ ಮಾಸ್‌ಫೆಟ್ ಟ್ರಾನ್ಸಿಸ್ಟರ್, ಅದು ಆನ್ ಮಾಡೋ ರಿಲೇ. ಕೆಪಾಸಿಟರ್ 5.8ಕ್ಕೆ ಬಂದು ಕೂತ್ಬಿಡುತ್ತೆ. ಬೇರೆ ಹಾಕಿದ್ರೂ ಅದೇ ಕಥೆ.

ರೇಡಿಯೋ_ಹುಚ್ಚ: ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡ್ ಮಾಲಾ? ಮುಗೀತು ಬಿಡಿ. ಹಳೇ ಸ್ಟಾಕ್, ಲೀಕೇಜ್ ಜಾಸ್ತಿ, ಅಂದ್ರೆ ಒಳಗೇ ಕರೆಂಟ್ ಸೋರುತ್ತೆ.

ಎಂಟುಬಿಟ್: ನಾನು ಕಾಲೇಜಿಂದ ಎಸ್.ಪಿ. ರೋಡಲ್ಲೇ ತಗೊಳ್ತಿರೋದು. ಅಂಗಡಿ ನೋಡಿ ತಗೋಬೇಕು ಅಷ್ಟೇ.

ರೇಡಿಯೋ_ಹುಚ್ಚ: ಲೀಕೇಜೇ. ಬರೆದಿಟ್ಕೊಳ್ಳಿ.

ಹೊಸಬ_ಇಸಿ: ಕೆಪಾಸಿಟರ್ ಡಿಸಿ ಬಿಡಲ್ಲ ಅಲ್ವಾ ಸರ್, ಚಾರ್ಜ್ ಹೇಗಾಗುತ್ತೆ?

ಎಂಟುಬಿಟ್: ಬಿಡಲ್ಲ ಅನ್ನೋದು ತುಂಬಿದ ಮೇಲೆ. ಅಲ್ಲೀವರೆಗೆ ಒಂದು ಪ್ಲೇಟಿಗೆ ಎಲೆಕ್ಟ್ರಾನ್ ಸೇರುತ್ತೆ, ಇನ್ನೊಂದರಿಂದ ಅಷ್ಟೇ ಹೊರಡುತ್ತೆ. ನಡುವಿನ ಆಕ್ಸೈಡ್ ಪದರ ದಾಟಲ್ಲ. ವೋಲ್ಟೇಜ್ ಏರಿದಷ್ಟೂ ಕರೆಂಟ್ ಇಳಿಯುತ್ತೆ.

ರೇಡಿಯೋ_ಹುಚ್ಚ: ಪಾಠ ಸಾಕು. ನನ್ನ ಹತ್ರ ಕೆಪಾಸಿಟರ್‌ನ ಒಳಗಿನ ರೆಸಿಸ್ಟೆನ್ಸ್ ಅಳೆಯೋ ಇಎಸ್‌ಆರ್ ಮೀಟರ್ ಇದೆ, ತಂದುಕೊಟ್ರೆ ನೋಡ್ತೀನಿ.

ಮಲ್ಲೇಶ್ವರ_ಸೋಲ್ಡರ್: ಇಎಸ್‌ಆರ್ ಮೀಟರ್ ಲೀಕೇಜ್ ತೋರಿಸಲ್ಲ ಸ್ವಾಮಿ. ರೆಸಿಸ್ಟರ್ ಎಷ್ಟು ಅಂತ ಒಬ್ರೂ ಕೇಳಲಿಲ್ವಲ್ಲ!

ಜಯನಗರ_ವೈರ್: 1 ಮೆಗ್ (ಮೆಗಾಓಮ್). ಡಿಲೇ ಅಂದ್ಮೇಲೆ ದೊಡ್ಡದೇ ಹಾಕೋದಲ್ವಾ? ವೋಲ್ಟ್ ಅಳೀತಿರೋ ಮೀಟರ್ ಹಳದಿ ಬಣ್ಣದ್ದು, ಚಿಕ್ಕದು.

ಮಲ್ಲೇಶ್ವರ_ಸೋಲ್ಡರ್: ಅಲ್ಲೇ ಇದೆ ನೋಡಿ. ಆ ಥರದ ಅಗ್ಗದ ಮೀಟರ್‌ಗಳ ಒಳಗೇ ಸುಮಾರು 1 ಮೆಗ್ ಇರುತ್ತೆ. ನಿಮ್ಮದು 1 ಮೆಗ್, ಅದರದ್ದು 1 ಮೆಗ್, ಎರಡೂ ಸಮ ಹಂಚಿಕೊಂಡು 12 ವೋಲ್ಟ್ ಅರ್ಧ ಆಯ್ತು. 11 ವೋಲ್ಟ್ ಹತ್ರ ಚಾರ್ಜಿಂಗ್ ಕರೆಂಟ್ ಬರೀ 1 ಮೈಕ್ರೋಆಂಪ್, ಮೀಟರ್ ಅದಕ್ಕಿಂತ ಜಾಸ್ತಿ ಕುಡಿಯುತ್ತೆ. ಮೀಟರ್ ತೆಗೆದು ಹತ್ತು ನಿಮಿಷ ಬಿಡಿ, ಆಮೇಲೆ ಪ್ರೋಬ್ ಮುಟ್ಟಿಸಿ ಮೊದಲು ಬರೋ ಅಂಕಿ ಹೇಳಿ.

ಜಯನಗರ_ವೈರ್: 10.4 ಬಂತು, ಹಾಗೇ ಇಳೀತಾ ಹೋಯ್ತು.

ರೇಡಿಯೋ_ಹುಚ್ಚ: 12 ಬರಲಿಲ್ಲ ತಾನೇ? ಲೀಕೇಜ್!

ಮಲ್ಲೇಶ್ವರ_ಸೋಲ್ಡರ್: ಹೌದು, 12ಕ್ಕೆ 1.6 ವೋಲ್ಟ್ ಕಮ್ಮಿ, 1 ಮೆಗ್‌ನಲ್ಲಿ ಅಂದ್ರೆ ಲೀಕೇಜ್ 1.6 ಮೈಕ್ರೋಆಂಪ್. ಎಲೆಕ್ಟ್ರೋಲಿಟಿಕ್‌ಗೆ ಅದು ಮಾಮೂಲು, ಕೆಟ್ಟಿದೆ ಅಂತಲ್ಲ. 1 ಮೆಗ್ ಬದಲು 100 ಕೆ (ಕಿಲೋಓಮ್) ಹಾಕಿ. ಆರ್‌ಸಿ, ಅಂದ್ರೆ ರೆಸಿಸ್ಟರ್ ಗುಣಿಸು ಕೆಪಾಸಿಟರ್, 10 ಸೆಕೆಂಡ್ ಆಗುತ್ತೆ. ಮಾಸ್‌ಫೆಟ್ ಗೇಟ್ 3 ವೋಲ್ಟಿಗೆ ಆನ್ ಆದ್ರೆ ಹೆಚ್ಚುಕಮ್ಮಿ 3 ಸೆಕೆಂಡ್ ಡಿಲೇ, ಧಬ್‌ಗೆ ಸಾಕು. 1 ಮೆಗ್‌ನಲ್ಲಿ ಹಾಡು ಅರ್ಧ ನಿಮಿಷ ಕಾಯುತ್ತೆ.

ಜಯನಗರ_ವೈರ್: 100 ಕೆ ಹಾಕಿದೆ, ರಿಲೇ ಟೈಮಿಗೆ ಸರಿಯಾಗಿ ಆನ್ ಆಗ್ತಿದೆ. ಆದ್ರೆ ಆಫ್ ಮಾಡಿ ತಕ್ಷಣ ಆನ್ ಮಾಡಿದ್ರೆ ಡಿಲೇನೇ ಇಲ್ಲ, ಮತ್ತೆ ಧಬ್!

ಎಂಟುಬಿಟ್: ಚಾರ್ಜ್ ಹಾಗೇ ಉಳ್ಕೊಂಡಿದೆ. ರೆಸಿಸ್ಟರ್‌ಗೆ ಅಡ್ಡಲಾಗಿ 1ಎನ್4148 ಡಯೋಡ್ ಹಾಕಿ, ಪಟ್ಟೆ ಇರೋ ಕಡೆ 12 ವೋಲ್ಟಿಗೆ. ಸಪ್ಲೈ ಆಫ್ ಆದ ಕೂಡಲೇ ಅದರ ಮೂಲಕ ಖಾಲಿಯಾಗುತ್ತೆ.

ರೇಡಿಯೋ_ಹುಚ್ಚ: ಡಯೋಡ್ ಎಲ್ಲಿಂದ ತರ್ತೀರ? ಎಸ್.ಪಿ. ರೋಡಾ?