ಸಹಾಯ ಬೇಕು: 63 ಕೆಜಿಯೋ, 68 ಕೆಜಿಯೋ?

ನಮಸ್ಕಾರ. ಟೇಕ್ವಾಂಡೋ ಆಡಿದವರು, ಕಲಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಓದಿ.

ನನ್ನ ತಮ್ಮನಿಗೆ 19. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ 64.5 ಕೆಜಿ ತೂಗುತ್ತಾನೆ. ವಿಶ್ವ ಚಾಂಪಿಯನ್‌ಶಿಪ್‌ನ ಪುರುಷರ ವಿಭಾಗದಲ್ಲಿ 58, 63, 68 ಅಂತ ಹತ್ತಿರ ಹತ್ತಿರದ ತೂಕದ ಮಿತಿಗಳಿವೆ (ಅದನ್ನು ಮೀರುವಂತಿಲ್ಲ), ಆದರೆ ಒಲಿಂಪಿಕ್ಸ್‌ನಲ್ಲಿ 58 ಬಿಟ್ಟರೆ ನೇರ 68. ಇವನು 63ಕ್ಕೆ ಇಳಿಯುತ್ತೇನೆಂದು ರಾತ್ರಿ ಊಟ ಬಿಟ್ಟಿದ್ದಾನೆ. ನಿನ್ನೆ ಮಧ್ಯಾಹ್ನ ಸೆಕೆಯಲ್ಲೂ ಜಾಕೆಟ್ ಹಾಕಿ ಮಹಡಿ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಅಮ್ಮ ಮಾತು ಬಿಟ್ಟಿದ್ದಾರೆ.

ಇನ್ನೊಂದು ತಲೆನೋವು. ಟೋಕಿಯೋ ಒಲಿಂಪಿಕ್ಸ್‌ನ 68 ಕೆಜಿ ಫೈನಲ್ ಅವನಿಗೆ ಬಾಯಿಪಾಠ. ಉಜ್ಬೇಕಿಸ್ತಾನದ ಉಲುಗ್ಬೆಕ್ ರಶಿತೋವ್ ಕೊನೆಯ ಕೆಲವೇ ಸೆಕೆಂಡುಗಳಲ್ಲಿ ಬ್ರಿಟನ್ನಿನ ಬ್ರಾಡ್ಲಿ ಸಿಂಡೆನ್‌ರನ್ನು ಹಿಂದಿಕ್ಕಿ 34-29ರಲ್ಲಿ ಗೆದ್ದದ್ದು. ರಶಿತೋವ್‌ಗೂ ಆಗ 19 ವರ್ಷವೇ, ಅದಕ್ಕೇ ಈ ಹುಚ್ಚು! 'ತಲೆಗೆ ಒಂದು ಒದೆ ಬಿದ್ದರೆ ಮೂರು ಪಾಯಿಂಟ್, ಮೈ ತಿರುಗಿಸಿ ಒದ್ದರೆ ಐದು, ಕೊನೆಗೆ ನೋಡ್ಕೊಳ್ತೀನಿ ಬಿಡಕ್ಕಾ' ಅನ್ನುತ್ತಾನೆ. ಆದರೆ ಟೋಕಿಯೋದಲ್ಲಿ ಮೂರೂ ಸುತ್ತಿನ ಅಂಕ ಕೂಡುತ್ತಿದ್ದರು. ಪ್ಯಾರಿಸ್ ಹೊತ್ತಿಗೆ ಸುತ್ತು ಸುತ್ತಿಗೂ ಲೆಕ್ಕ ಬೇರೆ, ಎರಡು ಸುತ್ತು ಗೆದ್ದವನೇ ವಿಜೇತ. ಮೊದಲೆರಡು ಸುತ್ತು ಸೋತರೆ ಮೂರನೆಯದು ಇರುವುದೇ ಇಲ್ಲವಲ್ಲ?

ಎರಡು ಸಹಾಯ ಬೇಕು. ಒಂದು, ಈ ತೂಕದವನು 68ರಲ್ಲಿ ಆಡಿದರೆ ನಿಜಕ್ಕೂ ಅಷ್ಟು ಕಷ್ಟವೇ? ಆಡಿದ ಅನುಭವ ಇದ್ದವರು ಹೇಳಿ. ಎರಡು, ಪ್ಯಾರಿಸ್‌ನ 68 ಕೆಜಿ ಫೈನಲ್‌ನ ಪೂರ್ತಿ ವಿಡಿಯೋ ಎಲ್ಲಿ ಸಿಗುತ್ತದೆ? ಅಲ್ಲೂ ರಶಿತೋವ್‌ಗೇ ಚಿನ್ನ. ನಾನು ಹೇಳಿದ್ದನ್ನು ಕೇಳದಿದ್ದರೂ ಅವರ ಆಟ ನೋಡಿಯಾದರೂ ಕೇಳಿಯಾನು.