1944ರ ಜರ್ಮನಿಯಲ್ಲಿ ಮೋಟಾರ್ ರೇಸಿನ ಅಪರಾಧ ಚಿತ್ರ ಏಕೆ?

ಪ್ರಶ್ನೆ:
ಕಾರ್ಲ್ ಆಂಟನ್ ನಿರ್ದೇಶಿಸಿದ, ಗುಸ್ತಾವ್ ಫ್ರೋಲಿಷ್ ಮತ್ತು ಒಟ್ಟೊ ವೆರ್ನಿಕೆ ನಟಿಸಿದ ‘ಡೆರ್ ಗ್ರೋಸೆ ಪ್ರೈಸ್’ 1944ರ ಚಿತ್ರ. ಬರ್ಲಿನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ, ಜನಸಾಮಾನ್ಯರ ಕಾರಿಗೆ ಪೆಟ್ರೋಲೇ ಸಿಗದಿದ್ದಾಗ, ರೇಸಿಂಗ್ ಉದ್ಯಮದ ಕಥೆಯನ್ನು ತೆರೆಗೆ ತರಲು ಸರ್ಕಾರ ಒಪ್ಪಿದ್ದು ಏಕೆ? ಬಲ್ಲವರು ದಯವಿಟ್ಟು ವಿವರಿಸಿ.

ಉತ್ತರ 1:
ರೇಸ್ ಅಲ್ಲಿ ಬರಿಯ ಕ್ರೀಡೆಯಾಗಿರಲಿಲ್ಲ. 1934ರಿಂದ ಮರ್ಸಿಡಿಸ್-ಬೆಂಜ್ ಮತ್ತು ಆಟೋ ಯೂನಿಯನ್ ಕಂಪನಿಗಳು ಸರ್ಕಾರದ ಸಹಾಯಧನ ಪಡೆದು ಯುರೋಪಿನ ಟ್ರ್ಯಾಕುಗಳನ್ನು ಆಳಿದವು. ಆ ಗೆಲುವುಗಳನ್ನು ನಾಜಿ ಆಡಳಿತ ತನ್ನದೇ ಗೆಲುವೆಂದು ಸಾರಿತು. 1938ರ ಜನವರಿ 28ರಂದು ಫ್ರಾಂಕ್‌ಫರ್ಟ್-ಡಾರ್ಮ್‌ಸ್ಟಾಟ್ ಹೆದ್ದಾರಿಯಲ್ಲಿ ಮರ್ಸಿಡಿಸ್ ಚಾಲಕ ಕರಾಚ್ಚಿಯೋಲಾ ಗಂಟೆಗೆ 432 ಕಿ.ಮೀ. ಮೀರಿದ ದಾಖಲೆ ಬರೆದ ಬೆಳಿಗ್ಗೆಯೇ, ಅದನ್ನು ಮುರಿಯಲು ಹೊರಟ ಆಟೋ ಯೂನಿಯನ್ ಚಾಲಕ ರೋಸ್‌ಮೇಯರ್ ಪ್ರಾಣ ಕಳೆದುಕೊಂಡರು. ಆ ಯುಗದ ಕೊನೆಯ ದೊಡ್ಡ ರೇಸ್ ನಡೆದದ್ದು 1939ರ ಸೆಪ್ಟೆಂಬರ್ 3ರಂದು, ಬ್ರಿಟನ್ ಮತ್ತು ಫ್ರಾನ್ಸ್ ಯುದ್ಧ ಘೋಷಿಸಿದ ದಿನವೇ, ಬೆಲ್‌ಗ್ರೇಡಿನ ಕಲೆಮೆಗ್ದಾನ್ ಕೋಟೆಯ ಸುತ್ತಲಿನ ಬೀದಿಗಳಲ್ಲಿ. ಸ್ಪರ್ಧೆಗಿಳಿದದ್ದು ಐದೇ ಕಾರು. ಮುಂದಿನ ಕಾರಿನ ಚಕ್ರದಿಂದ ಸಿಡಿದ ಕಲ್ಲು ಮರ್ಸಿಡಿಸ್ ಚಾಲಕ ಹೆರ್ಮನ್ ಲಾಂಗ್ ಅವರ ಕನ್ನಡಕವನ್ನು ಒಡೆದುಹಾಕಿತು. ಗೆದ್ದವರು ಆಟೋ ಯೂನಿಯನ್ನಿನ ನುವೊಲಾರಿ. ಆದ್ದರಿಂದ 1944ರ ಪ್ರೇಕ್ಷಕನಿಗೆ ರೇಸ್ ಎಂದರೆ ಐದು ವರ್ಷದ ಹಿಂದೆ ಕೈತಪ್ಪಿಹೋದ ಕಾಲವೇ ಆಗಿತ್ತು.

ಉತ್ತರ 2:
ಮೇಲಿನ ಮಾತಿಗೆ ಚಿತ್ರೋದ್ಯಮದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. 1934ರ ಕಾಯಿದೆಯ ನಂತರ ಚಿತ್ರಕಥೆಗಳು ಚಿತ್ರೀಕರಣಕ್ಕೆ ಮೊದಲೇ ಪ್ರಚಾರ ಸಚಿವ ಗೋಬೆಲ್ಸ್ ಅವರ ಸಚಿವಾಲಯದ ಪರಿಶೀಲನೆಗೆ ಒಳಪಡುತ್ತಿದ್ದವು. 1942ರಲ್ಲಿ ನಿರ್ಮಾಣ ಸಂಸ್ಥೆಗಳೂ ಸರ್ಕಾರಿ ಒಡೆತನದ ಒಂದೇ ಕೂಟದಡಿ ಬಂದವು. ಆದರೂ ತಯಾರಾದ ಚಿತ್ರಗಳಲ್ಲಿ ಹೆಚ್ಚಿನವು ನೇರ ಪ್ರಚಾರದವಲ್ಲ, ಮನರಂಜನೆಯವು. 1943ರಲ್ಲಿ ನೂರು ಕೋಟಿಗೂ ಹೆಚ್ಚು ಟಿಕೆಟ್ ಮಾರಾಟವಾದವು. 1944ರ ಸೆಪ್ಟೆಂಬರಿನಲ್ಲಿ ನಾಟಕಶಾಲೆಗಳಿಗೆ ಬೀಗ ಹಾಕಿದಾಗಲೂ ಚಿತ್ರಮಂದಿರಗಳನ್ನು ತೆರೆದೇ ಇಟ್ಟರು. ದಣಿದ ಜನ ಎರಡು ಗಂಟೆ ಯುದ್ಧ ಮರೆತರೆ ಮರುದಿನ ಮತ್ತೆ ಕಾರ್ಖಾನೆಗೆ ಹೋಗುತ್ತಾರೆ ಎಂಬುದು ಗೋಬೆಲ್ಸ್ ಲೆಕ್ಕ. ಈ ಬಗೆಯ ಚಿತ್ರಗಳನ್ನು ಅಮಾಯಕ ಎನ್ನಲು ನನಗೆ ಮನಸ್ಸು ಬಾರದಿರುವುದು ಇದರಿಂದಲೇ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ವೆರ್ನಿಕೆ ಎಂದರೆ ನಿರ್ದೇಶಕ ಫ್ರಿಟ್ಸ್ ಲಾಂಗ್ ಚಿತ್ರಗಳ ಇನ್‌ಸ್ಪೆಕ್ಟರ್ ಲೋಮನ್ ಅವರೇ?

ಉತ್ತರ 2:
ಹೌದು, ‘ಎಂ’ ಚಿತ್ರದಲ್ಲಿಯೂ ಡಾಕ್ಟರ್ ಮಾಬುಸೆ ಎಂಬ ಅಪರಾಧಿಯ ಕುರಿತ ಲಾಂಗ್ ಅವರ ಎರಡನೆಯ ಚಿತ್ರದಲ್ಲಿಯೂ ಲೋಮನ್ ಆದವರು ಅವರೇ. ಆ ಎರಡನೆಯದನ್ನು 1933ರಲ್ಲಿ ಗೋಬೆಲ್ಸ್ ಜರ್ಮನಿಯಲ್ಲಿ ನಿಷೇಧಿಸಿದರು, ಲಾಂಗ್ ದೇಶ ಬಿಟ್ಟರು. ವೆರ್ನಿಕೆ ಮಾತ್ರ ಅಲ್ಲಿಯೇ ಉಳಿದು ನಟಿಸುತ್ತ ಹೋದರು. 1944ರ ಚಿತ್ರ ನೋಡುವ ಮೊದಲು ಆ ಎರಡನ್ನೂ ಒಮ್ಮೆ ನೋಡಿ.